ಗಟಾರದ ಓಟಿಪಿ

೯ ಜೂನ್, ಬೆಳಿಗ್ಗೆ

ಇವತ್ತೂ ಹಾಲು ಉಕ್ಕಿಸಿದೆ. ಕಣ್ಣು ಮೊಬೈಲಿನ ಮೇಲೆ. ನಿನ್ನೆ ವಾಚನಾಲಯದ ಕಾರ್ಯಾಗಾರದಲ್ಲಿ ಕಲಿತದ್ದು ಮರೆತೀತೆಂದು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ. ಸೋಲಾಪುರದ ಸಂಸ್ಥೆಯೊಂದರ ಹುಡುಗಿ ಪ್ರಾಜಕ್ತಾ ಹೇಳಿಕೊಡುತ್ತಾಳೆ — ನಳ, ಗಟಾರ, ಬೀದಿ ದೀಪ, ಏನೇ ಕೆಡಲಿ, ಪುರಸಭೆಯ ಆ್ಯಪಿನಲ್ಲಿ ದೂರು ಹಾಕುವುದು. ಸಿವಿಕ್ ಪಾರ್ಟಿಸಿಪೇಶನ್ ಅಂತೆ. ಕಾಲೇಜಿನಲ್ಲಿ ಸಿವಿಕ್ಸ್ ಪೇಪರ್ ಇತ್ತು. ‘ಎ ಗುಡ್ ಸಿಟಿಝನ್ ಈಸ್ ಒನ್ ಹೂ...’ ಮುಂದೆ ಏನೋ.

೧೧ ಜೂನ್

ದೂರು ಹಾಕಿದೆ. ಓಣಿಯ ತಿರುವಿನ ಗಟಾರ — ಚಪ್ಪಡಿ ಒಡೆದು ಬಾಯಿ ತೆರೆದುಕೊಂಡಿದೆ. ನಮ್ಮ ನೀಲಗಂಗಾ ಕೊಡ ಹೊತ್ತು ಬಿದ್ದದ್ದು ಅಲ್ಲೇ. ಸೊಂಟ ಮುರಿಯಿತು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

‘ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿದೆ. ಪೀಠಿಕೆಗೇ ಜಾಗ ತುಂಬಿತು. ಇರಲಿ, ಫೋಟೋ ಇದೆ.

ಪಕ್ಕದ ಮನೆಯ ಕಮಳಾಬಾಯಿ ಬಂದಳು. “ಅಣ್ಣಾರ, ನನ್ನ ಹೆಸರೂ ಹಾಕ್ರಿ. ದಿನಾ ಸಂಜೀಕ ನೀರಿಗಿ ಅದನ್ನ ದಾಟಬೇಕು. ಕಣ್ಣು ಬ್ಯಾರೆ ಮಂಜು.”

ಒಂದು ಜಾಗಕ್ಕೆ ಒಂದೇ ದೂರಂತೆ. ಇಡೀ ಓಣಿಯದು ನನ್ನ ನಂಬರಿನಲ್ಲೇ ಹೋಯಿತು.

೨೭ ಜೂನ್

ಬಂದರು! ಗುತ್ತಿಗೆದಾರನ ಮನುಷ್ಯ, ನಿತಿನ ಅಂತ. ಟೇಪು ಹಿಡಿದು ಅಳೆದ, ಫೋಟೋ ತೆಗೆದ.

“ಕಾಕಾ, ಮೊಬೈಲಿಗಿ ಓಟಿಪಿ ಬಂದೈತಲ್ಲ, ಹೇಳ್ರಿ.”

“ಕೆಲಸ?”

“ನಾಳಿ ಚಾಲೂ ಮಾಡ್ತೀವ್ರಿ.”

ಗ್ಯಾಸ್ ಸಿಲಿಂಡರಿನವನಿಗೆ ಹೇಳುವ ಹಾಗೆ ಬಾಗಿಲಲ್ಲೇ ನಿಂತು ಹೇಳಿದೆ. ಅವನಿಗೆ ಚಹಾ ಕೂಡ ಕೊಟ್ಟೆ. ರಾತ್ರಿ ಎಷ್ಟೋ ದಿನದ ಮೇಲೆ ಸರಿಯಾಗಿ ಉಂಡೆ.

೮ ಜುಲೈ

ಯಾರೂ ಬಂದಿಲ್ಲ. ಆ್ಯಪಿನಲ್ಲಿ ಹಸಿರು ಟಿಕ್ — ‘ರಿಸಾಲ್ವ್ಡ್. ಸಿಟಿಝನ್ ಸ್ಯಾಟಿಸ್ಫೈಡ್.’

ಕಚೇರಿಗೆ ಹೋದೆ. ಕ್ಲರ್ಕ್ ಸ್ಕ್ರೀನ್ ತಿರುಗಿಸಿ ತೋರಿಸಿದ. “ಓಟಿಪಿ ಕೊಟ್ಟೀರಿ ಅಂದ್ರ ಕೆಲಸ ಆತು ಅಂತ ಒಪ್ಪಿದಂಗ್ರಿ. ಇಲ್ಲಿ ಹೊಸಾ ಚಪ್ಪಡಿ ಬಿದ್ದೈತಿ ನೋಡ್ರಿ.”

“ಅಲ್ಲಿ ಬಿದ್ದಾಕಿ ನನ್ನ ಹೆಂಡತಿ,” ಅಂದೆ.

ಅವನು ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಂಡ.

ಮತ್ತೆ ದೂರು ಹಾಕಿದರೆ ಆ್ಯಪು ತೆಗೆದುಕೊಳ್ಳುತ್ತಿಲ್ಲ. ಈ ಜಾಗದ ಸಮಸ್ಯೆ ಬಗೆಹರಿದಿದೆಯಂತೆ.

೯ ಜುಲೈ

ಪ್ರಾಜಕ್ತಾಗೆ ಫೋನ್. “ಅರೇ ಕಾಕಾ! ಓಟಿಪಿ ಕಾಮ ಝಾಲ್ಯಾವರ ದ್ಯಾಯಚಾ!” ಕೆಲಸ ಮುಗಿದ ಮೇಲೆ ಕೊಡುವುದಂತೆ. ಇದನ್ನು ಕಲಿಸಿರಲಿಲ್ಲ. ಆಮೇಲೆ ಮೆಲ್ಲಗೆ — ಇಲ್ಲಿಯ ಪ್ರಾಜೆಕ್ಟ್ ಮುಗಿದಿದೆ, ಸೋಲಾಪುರದ ಮೀಟಿಂಗಿನಲ್ಲಿ ಬಗೆಹರಿದ ದೂರುಗಳ ಜೊತೆ ಕಾರ್ಯಾಗಾರದಲ್ಲಿ ತೆಗೆದ ನನ್ನ ಫೋಟೋ ತೋರಿಸಿಬಿಟ್ಟಿದ್ದಾರೆ.

ಓಣಿಯವರಿಗೆ ಏನು ಹೇಳಲಿ? ಕಮಳಾಬಾಯಿ ಕೇಳಿದಳು. “ನಾಳಿ ಬರ್ತಾರ” ಅಂದೆ.

೨ ಆಗಸ್ಟ್

ನಾನೇ ಒಂದು ಫರಸಿ ಕಲ್ಲು ಹೊಂದಿಸಿ ಇಟ್ಟಿದ್ದೆ. ಟ್ರ್ಯಾಕ್ಟರ್ ಹತ್ತಿ ಎರಡು ತುಂಡು.

೧೭ ಆಗಸ್ಟ್, ಸಂಜೆ

ಮಳೆ. ಗಟಾರವೂ ರಸ್ತೆಯೂ ಒಂದೇ ನೀರು. ಕಮಳಾಬಾಯಿ ಈಗ “ಯಾವಾಗ” ಎಂದು ಕೇಳುವುದಿಲ್ಲ. ಕೊಡ ಹೊತ್ತು ತಿರುವಿನಲ್ಲಿ ನಿಂತು ಕೂಗುತ್ತಾಳೆ. ನಾನು ಹೋಗಿ ಮೊಬೈಲಿನ ಬೆಳಕು ಹಿಡಿಯುತ್ತೇನೆ. ಗಟಾರದ ಅಂಚು ಹಿಡಿದು ದಾಟುತ್ತಾಳೆ. ದಿನದ ಕೆಲಸ ಇದೊಂದೇ. ಇವತ್ತು ಕರೆಂಟಿಲ್ಲ, ಚಾರ್ಜೂ ಮುಗಿಯುತ್ತ ಬಂದಿದೆ. ನಾಳೆ ಕಂದೀಲು ಹುಡುಕಬೇಕು, ನೀಲಗಂಗಾ ಎಲ್ಲಿ ಇಡುತ್ತಿದ್ದಳೋ...

“ಅಣ್ಣಾರ! ಬೆಳಕು ಹಿಡೀರಿ!”

ಬಂದೆ ತಂಗಿ, ನಿಲ್ಲು — ಮೊಬೈಲ್ ಆರಿತು, ದಾಟಬ್ಯಾಡ —