ಅವ್ವನ ಒಪ್ಪತ್ತು

೫ ಜುಲೈ ೨೦೦೯, ರವಿವಾರ

ಮತ್ತೆ ಹೊಟ್ಟೆ ಕೆಟ್ಟಿತು. ಗಜೇಂದ್ರಗಡದಿಂದ ನರಗುಂದದವರೆಗೆ ಸೈಕಲ್ ಚೆನ್ನಾಗಿಯೇ ಹೋಯಿತು. ವಾಪಸ್ ಬರುವಾಗ, ರೋಣ ದಾಟಿದ್ದೇ ತಡ, ಕುಡಿದ ಅಂಬಲಿಯೆಲ್ಲ ರಸ್ತೆಪಾಲು. ಬಿಸಿಲಿಗೆ ಬಾಟಲಿಯಲ್ಲಿ ಜೋಳದ ಅಂಬಲಿ ಹುಳಿಯಾಗುತ್ತದೆ. ಇದನ್ನು ಹೋದ ತಿಂಗಳೂ ಬರೆದಿದ್ದೆ. ಬುದ್ಧಿ ಇಲ್ಲ.

ಬೆಲ್ಲ-ಉಪ್ಪು-ನಿಂಬೆ ನೀರೇ ವಾಸಿ. ಖಜೂರ ಓಕೆ. ಶೇಂಗಾ ಉಂಡಿ ಸೈಕಲ್ ಮೇಲೆ ನಡೆಯುತ್ತದೆ, ಓಡುವಾಗ ಗಂಟಲಲ್ಲಿ ನಿಲ್ಲುತ್ತದೆ. ಮೊಟ್ಟೆ ರೋಣದಲ್ಲಿ, ಗೆಳೆಯ ಖಾದರನ ಸೈಕಲ್ ಅಂಗಡಿಯಲ್ಲಿ. ಮನೆಗೆ ತಂದರೆ ಅವ್ವ ಮೊಟ್ಟೆಯನ್ನೂ ನನ್ನನ್ನೂ ಒಟ್ಟಿಗೇ ಹೊರಗೆ ಹಾಕುತ್ತಾಳೆ.

ನವೆಂಬರಿಗೆ ಕಾರವಾರ. ಸಮುದ್ರದಲ್ಲಿ ಈಜು, ಎದ್ದು ಬಂದು ಸೈಕಲ್, ಇಳಿದು ಪೂರಾ ಮ್ಯಾರಥಾನ್ — ಎಲ್ಲ ಒಂದೇ ದಿನ. ಸ್ಟಾಫ್ ರೂಮಿನಲ್ಲಿ ಹೇಳಿದ್ದಕ್ಕೆ ಹೆಡ್‌ಮಾಸ್ತರು ಕನ್ನಡಕ ತೆಗೆದು ಕೇಳಿದರು, "ಯಾವ ತಪ್ಪಿಗೆ ಈ ಶಿಕ್ಷಾ, ಡ್ರಿಲ್ ಮಾಸ್ತರ?"

೧೨ ಜುಲೈ

ಅವ್ವ ಮಧ್ಯಾಹ್ನ ಉಣ್ಣುತ್ತಿಲ್ಲ. ಎಷ್ಟು ದಿನದಿಂದಲೋ. ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಪ್ರೋಟೀನ್ ಎಷ್ಟಾಯಿತು ಎಂದು ಯೋಚಿಸುತ್ತ ರೊಟ್ಟಿಯ ಮೇಲೆ ರೊಟ್ಟಿ ಮುರಿಯುತ್ತಿದ್ದೆ. ತಂಗಿ ಬನಶ್ರೀ ಹೇಳಿದಳು.

"ಅವ್ವ ಒಪ್ಪತ್ತು ಹಿಡದಾಳ. ದೀಪಾ ಹಚ್ಚಿದ ಮ್ಯಾಲೆ ಒಂದ ಸಲ ಅಷ್ಟ ಊಟ. ನೀ ಆ ಪಂದ್ಯಾ ಮುಗಿಸೂತನಕಾ. ಗುಡ್ಡದ ಕಾಲಕಾಲೇಶ್ವರಗ ಬೇಡಿಕೊಂಡಾಳಂತ."

ಅವ್ವ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಅಪ್ಪ ಹೋದ ಮೇಲೆ ಸುತ್ತುವುದೂ ಅವಳೇ, ನೇಯುವುದೂ ಅವಳೇ. ಕೇಳಿದ್ದಕ್ಕೆ ತಲೆ ಎತ್ತಲಿಲ್ಲ.

"ಮೂರ ವರ್ಷದ ಹಿಂದ ಬಿಜಾಪುರದ ರೇಸಿನ್ಯಾಗ ನಡುವ ಸೈಕಲ್ ಇಳದ ಬಂದಿ. ಅವತ್ತಿಂದ ಓಣ್ಯಾಗ ನಿನಗ 'ಅರ್ಧಾ ಶರತ' ಅಂತಾರ. ನನಗ ಕೇಳಸೂದಿಲ್ಲಂತ ಮಾಡೀಯೇನು?"

"ನಿನಗ ಶುಗರ್ ಐತಿ. ಉಪವಾಸ ಮಾಡಬಾರದು."

"ಡಾಕ್ಟರನ ಹೇಳ್ಯಾನಲ್ಲ, ಸಕ್ಕರಿ ಹೆಚ್ಚಾಗೇತಿ, ಬಾಯಿ ಕಟ್ಟು ಅಂತ. ಕಟ್ಟೀನಿ. ಇನ್ನೇನ ಮಾಡ್ಲಿ?"

ಸಿಟ್ಟು ಬಂತು. ಎದ್ದು ಓಡಲು ಹೋದೆ. ಗುಡ್ಡದ ತನಕ.

೨೬ ಜುಲೈ

ಮೆಣಸಗಿಯಲ್ಲಿ ಈಜು. ಖಾದರನ ಸೋದರತ್ತೆ ರಸೂಲಬಿಯ ಮನೆ ಹೊಳೆಗೆ ಹತ್ತಿರ. ಬಟ್ಟೆ ಅಲ್ಲೇ ಬಿಟ್ಟು ಇಳಿಯುವುದು. ಮಲಪ್ರಭೆಯಲ್ಲಿ ಸೆಳೆತ ಕಡಿಮೆ. ಖಾದರ ಮೀನಿನ ಹಾಗೆ ಹೋಗುತ್ತಾನೆ, ನಾನು ಎಮ್ಮೆಯ ಹಾಗೆ. ಉಸಿರು ಎಡಕ್ಕೆ ಮಾತ್ರ ಬರುತ್ತದೆ. ಬಲಕ್ಕೆ ನೀರು ಬರುತ್ತದೆ.

ರಸೂಲಬಿ ಕೇಳಿದಳು, "ಇಷ್ಟ ದಣದ ಏನ್ ಸಿಗತೈತ್ರೀ?" ಮೆಡಲ್ ಅಂದೆ. "ಬಂಗಾರದ್ದೇನ್ರಿ?" ಅಲ್ಲ ಅಂದೆ. ಪಾಪ ಅಂದಂತೆ ನೋಡಿ ಇನ್ನೊಂದು ಕಪ್ ಚಹಾ ಕೊಟ್ಟಳು.

೬ ಆಗಸ್ಟ್

ಮುಶಿಗೇರಿ ರಸ್ತೆಯಲ್ಲಿ ಖಾಲಿಯಾದೆ. ಬೇಕೆಂದೇ ತಿನ್ನದೆ ಓಡಿದ್ದೆ, ಟ್ರೇನಿಂಗ್ ಎಂದು. ಮೊದಲು ಕೈ ನಡುಕ. ಆಮೇಲೆ ತಣ್ಣನೆ ಬೆವರು. ಆಮೇಲೆ ಸುಮ್ಮಸುಮ್ಮನೆ ಅಳು... ಖಾದರನಿಗೆ ಏನೇನೋ ಬೈದೆನಂತೆ. ನೆನಪಿಲ್ಲ. ಹಿಂದೆಯೇ ಬರುತ್ತಿದ್ದ ಅವನು ಬೈಕ್ ನಿಲ್ಲಿಸಿ, ದವಡೆ ಹಿಡಿದು ಬಾಯಿಗೆ ಬೆಲ್ಲ ತುರುಕಿದ. ಸ್ವಲ್ಪ ಹೊತ್ತಿಗೆ ಮನುಷ್ಯನಾದೆ.

ಇದಕ್ಕೆ ಬಾಂಕ್ ಅನ್ನುತ್ತಾರೆ. ರಕ್ತದಲ್ಲಿ ಸಕ್ಕರೆ ಮುಗಿಯುವುದು. ಎಲ್ಲ ಓದಿದ್ದೇನೆ, ನೆಟ್‌ನಲ್ಲಿ, ಪ್ರಿಂಟ್ ತೆಗೆಸಿ.

೨೭ ಆಗಸ್ಟ್, ಸಂಜೆ



ನಿನ್ನೆ ಸಾಲಿಯಿಂದ ಬಂದಾಗ ಅವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಲಾಳಿ ಕೈಯಲ್ಲಿ. ನೇಯುತ್ತಿಲ್ಲ. ಸತ್ತ ಅಪ್ಪನಿಗೆ ಬೈಯುತ್ತಿದ್ದಳು — ನೂಲು ತರಲಿಲ್ಲ ಎಂದು. ನನ್ನನ್ನು ನೋಡಿ "ಯಾರ್ ಬೇಕಾಗಿತ್ರಿ?" ಅಂದಳು. ಪಕ್ಕದ ಮನೆಯ ರೇಣವ್ವ ಬಂದು ಗಾಳಿ ಸೋಕಿದೆ ಅಂದಳು, ನಿಂಬೆಹಣ್ಣು ಇಳಿ ತೆಗೆದಳು. ಬನಶ್ರೀ ಅಳುತ್ತ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತಿದ್ದಳು. ನಾನು? ನಿಂತು ನೋಡುತ್ತಿದ್ದೆ. ಮುಶಿಗೇರಿ ರಸ್ತೆಯಲ್ಲಿ ನನಗಾಗಿದ್ದೇ ಅವ್ವನಿಗೆ ಆಗುತ್ತಿತ್ತು, ಅದೇ ಬೆವರು, ಅದೇ ನಡುಕ. ನನಗೆ ಹೊಳೆಯಲಿಲ್ಲ. ಕುಪ್ಪಸ ತೊಯ್ದು ಬೆನ್ನಿಗೆ ಅಂಟಿದ್ದು ಕಂಡಾಗ ಹೊಳೆಯಿತು. ಸಕ್ಕರೆ ನೀರು ಕುಡಿಸಿದೆವು. ಕಣ್ಣು ತಿಳಿಯಾಯಿತು. "ಶರತಾ, ಯಾವಾಗ ಬಂದಿ?" ಅಂದಳು.

ರೋಣದ ಡಾಕ್ಟರ್ ಇವತ್ತು ನನಗೇ ಬೈದರು. ಶುಗರ್ ಮಾತ್ರೆ ಬೆಳಿಗ್ಗೆ ನುಂಗಿ ಸಂಜೆಯ ತನಕ ಹಸಿದು ಕೂತರೆ ಹೀಗೇ ಆಗುವುದು. ಒಪ್ಪತ್ತು ಬಿಡಲು ಹೇಳಿದರು. ಅವ್ವ ಗೋಡೆ ನೋಡಿದಳು. ಕೊನೆಗೆ ಅವರೇ ಸೋತರು. "ಹಂಗಾರ ಬೆಳಗಿನ ಮಾತ್ರಿ ಬ್ಯಾಡ. ಸಂಜಿ ಊಟದ ಮೊದಲ ಒಂದ. ನುಂಗಿದ ಅರ್ಧಾ ತಾಸಿನ್ಯಾಗ ಉಣ್ಣಾಕ ಬೇಕು. ನುಂಗಿ ಉಣ್ಣಲಿಲ್ಲಂದ್ರ ಉಳಿಯೂದಿಲ್ಲ, ತಿಳೀತೇನ್ರವಾ?"

"ತಿಳೀತ್ರಿ."

ವಾಪಸ್ ಬರುವಾಗ ಖಾದರನ ಅಂಗಡಿಯಲ್ಲಿ ಕೂತಿದ್ದೆವು. ಅವನಿಗೆ ರಂಜಾನ್ ರೋಜಾ. ತುಟಿ ಒಣಗಿದ್ದರೂ ಅವ್ವನಿಗೆ ತಿಳಿಹೇಳಿದ. "ಚಿಗವ್ವಾ, ನಮ್ಮಲ್ಲಿ ಜಡ್ಡ ಇದ್ದವರಿಗೆ ರೋಜಾ ಮಾಫ್ ಐತಿ. ನಿಮ್ಮ ದೇವರೇನ್ ಅಷ್ಟ ಕಠೋರ ಏನು?"

"ರೋಜಾ ಅಲ್ಲಾ ಹೇಳಿದ್ದು, ಅವನ ಮಾಫ್ ಮಾಡತಾನ. ಇದು ನಾನ ಹಾಕ್ಕೊಂಡದ್ದು. ಯಾರ್ ಮಾಫ್ ಮಾಡ್ತಾರ?"

"ನಾ ಪಂದ್ಯಾನ ಬಿಡತೀನಿ," ಅಂದೆ. ಸಿಟ್ಟಿನಲ್ಲೇ ಅಂದೆ, ಆದರೆ ಖರೆ ಬಿಡುತ್ತಿದ್ದೆ.

"ಬಿಡು. ನೀ ಮುಗಿಸೂತನಕಾ ಅಂತ ಬೇಡಿಕೊಂಡೀನಿ. ನೀ ಮುಗಿಸಲಿಲ್ಲಂದ್ರ ನಾ ಸಾಯೂತನಕಾ ಒಪ್ಪತ್ತು."

ಮುದುಕಿ ನನ್ನನ್ನು ಕಟ್ಟಿಹಾಕಿದ್ದಾಳೆ.

೧೩ ಸೆಪ್ಟೆಂಬರ್

ಹೊಸ ನಿಯಮ ನಡೆದಿದೆ. ದೀಪ ಹಚ್ಚುತ್ತಾಳೆ, ಮಾತ್ರೆ ನುಂಗುತ್ತಾಳೆ, ಬನಶ್ರೀ ತಾಟು ಇಡುತ್ತಾಳೆ. ನಾನು ಎಲ್ಲಿದ್ದರೂ ಫೋನ್ ಮಾಡಿ ಕೇಳುವುದು: ಮಾತ್ರೆ ಆಯಿತಾ? "ಆತಪಾ, ತಪ್ಪಸಂಗಿಲ್ಲ, ದಿನಾ ಅದ ಏನ್ ಕೇಳತಿ."

ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ನನಗಾಗಿ ಶೇಂಗಾ ಹುರಿದು, ಬೆಲ್ಲ ಹಾಕಿ ಕುಟ್ಟಿ ಉಂಡಿ ಕಟ್ಟುತ್ತಾಳೆ. ರುಚಿ ನೋಡುವುದಿಲ್ಲ. ಒಂದು ಸಲ ಬೆಲ್ಲ ಕಡಿಮೆಯಾಗಿತ್ತು. ಹಾಗೇ ತಿಂದೆ.

೪ ಅಕ್ಟೋಬರ್

ಮೆಣಸಗಿ ಹೊಳೆಯ ನೆರೆಗೆ ಹೋಯಿತು. ಮಳೆ ನಿಂತ ಮೇಲೆ ಖಾದರನ ಜೊತೆ ಹೋದೆ. ನಾನು ಈಜುತ್ತಿದ್ದ ಜಾಗ ಯಾವುದು ಎಂದು ಗುರುತೇ ಸಿಗಲಿಲ್ಲ. ರಸೂಲಬಿಯ ಮನೆಯ ಗೋಡೆ ಕೂತುಬಿಟ್ಟಿದೆ, ಒಳಗೆ ಮೊಣಕಾಲಿನ ತನಕ ರಾಡಿ. ಜೋಳದ ಚೀಲ ಮೊಳಕೆ ಒಡೆದು ನಾರುತ್ತಿತ್ತು. ಅವಳು ಸಾಲಿಯ ಕೋಣೆಯಲ್ಲಿ ಹದಿನೈದು ಮಂದಿಯ ಜೊತೆ ಇದ್ದಾಳೆ. ಬ್ಯಾಗಿನಲ್ಲಿ ನನ್ನ ಟ್ರೇನಿಂಗ್ ಖಜೂರ ಇತ್ತು. ಎಲ್ಲ ಕೊಟ್ಟೆ. ಅಲ್ಲಿದ್ದ ಹುಡುಗರು ಕಸಿದು ತಿಂದರು. ನಾಲ್ಕು ತಿಂಗಳಿಂದ ತಿನ್ನುವುದನ್ನೇ ಒಂದು ಶಾಸ್ತ್ರ ಮಾಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

೧೨ ಅಕ್ಟೋಬರ್

ಇ-ಮೇಲ್ ಬಂತು. ನೆರೆಯ ಕಾರಣ ಪಂದ್ಯ ಮುಂದೂಡಲಾಗಿದೆ. ಹೊಸ ದಿನಾಂಕ ನಂತರ ತಿಳಿಸಲಾಗುವುದು. ಫೋನ್ ಮಾಡಿದರೆ ಒಬ್ಬ ಹೇಳಿದ, ಮುಂದಿನ ವರ್ಷ ಇರಬಹುದು, ಇರಲಿಕ್ಕೂ ಇಲ್ಲ.

ಅವ್ವ ಸಣ್ಣಗಾಗಿದ್ದಾಳೆ. ಬಳೆ ಮೊಣಕೈಯ ತನಕ ಜಾರುತ್ತವೆ. ಮುಂದಿನ ವರ್ಷ?

೧೮ ಅಕ್ಟೋಬರ್

ಉಪಾಯ ಖಾದರನದು. ಸಮುದ್ರ ಇಲ್ಲದಿದ್ದರೆ ಕಾಲುವೆ. ಚಿಕ್ಕನರಗುಂದದ ಹತ್ತಿರ ಮಲಪ್ರಭಾ ಕಾಲುವೆಯಲ್ಲಿ ಈಜು. ಅಲ್ಲಿಂದ ಸೈಕಲ್ ಗಜೇಂದ್ರಗಡಕ್ಕೆ, ತಿರುಗಿ ನರಗುಂದಕ್ಕೆ, ಮತ್ತೆ ಗಜೇಂದ್ರಗಡಕ್ಕೆ. ಆಮೇಲೆ ಮುಶಿಗೇರಿಗೆ ಓಡಿ ಬರುವುದು, ಎರಡು ಸಲ. ಕಾರವಾರದಷ್ಟೇ ದೂರ, ಒಂದು ಗೇಣೂ ಕಡಿಮೆ ಇಲ್ಲ.

ಅವ್ವನಿಗೆ ಅಂಜುತ್ತಲೇ ಹೇಳಿದೆ. ಅದೂ ಪಂದ್ಯವೇ ಎಂದು ಒಪ್ಪುತ್ತಾಳೋ ಇಲ್ಲವೋ.

"ಪೂರಾ ಮಾಡತೀಯೇನು?"

"ಪೂರಾ."

"ಹಂಗಾರ ಆತು. ದೇವರೇನ್ ಕಾರವಾರಕ್ಕ ಬಂದ ನೋಡತಿದ್ನೇನು, ಇಲ್ಲೇ ಗುಡ್ಡದ ಮ್ಯಾಲಿಂದ ನೋಡತಾನ."

ಎಷ್ಟೋ ದಿನದ ಮೇಲೆ ಮನೆಯಲ್ಲಿ ನಗು. ಬನಶ್ರೀ ಹಬ್ಬದ ಅಡಿಗೆಯ ಮಾತು ತೆಗೆದಳು. ಆ ದಿನ ಗೋದಿ-ಬೆಲ್ಲದ ಮಾದಲಿ ಬೇಕು ಅಂದಳು ಅವ್ವ. ನವೆಂಬರ್ ಹದಿನೈದು, ರವಿವಾರ.

೧೪ ನವೆಂಬರ್

ಎರಡು ದಿನದಿಂದ ಬರೀ ತಿನ್ನುವುದು. ಅನ್ನ, ಅನ್ನ, ಬಾಳೆಹಣ್ಣು, ಅನ್ನ. ಕಾರ್ಬೋ ಲೋಡಿಂಗ್. ಅವ್ವ ಮುಂದೆ ಕೂತು ಬಡಿಸುತ್ತಾಳೆ. ಅವಳ ಎದುರು ನುಂಗುವುದೇ ಕಷ್ಟ.

"ನಾಳೆ ದೀಪಾ ಹಚ್ಚೂದ್ರಾಗ ಬಂದಿರತೀನಿ," ಅಂದೆ.

"ಬಾ. ಕೂಡೇ ಉಣ್ಣೂಣು."

"ಮಾತ್ರಿ ಮಾತ್ರ ಮರೀಬ್ಯಾಡ. ಗಡಿಬಿಡ್ಯಾಗ."

"ಮರಿಯೂದಿಲ್ಲೋ ಮಾರಾಯಾ."

೧೫ ನವೆಂಬರ್, ನಸುಕು

ಕಾಲುವೆ ದಂಡೆ. ಖಾದರನ ಬೈಕಿನ ಬೆಳಕಿನಲ್ಲಿ. ನೀರು ಕೊರೆಯುತ್ತಿದೆ, ಕೆಂಪು ರಾಡಿ. ಎರಡು ಬಾಳೆಹಣ್ಣು ಇಳಿದಿವೆ. ಅಂಜಿಕೆ ಇದೆ. ಆದರೂ ಇವತ್ತು ಮುಗಿಯುತ್ತದೆ. ಖಾದರ ಲಗೂ ಇಳಿ ಅನ್ನುತ್ತಿದ್ದಾನೆ —

೨೯ ನವೆಂಬರ್, ರವಿವಾರ

ಬಂದವರೆಲ್ಲ ಹೋದರು. ಬರೆಯದಿದ್ದರೆ ತಲೆ ಒಡೆಯುತ್ತದೆ.

ಈಜು ಆಯಿತು. ಸೈಕಲ್ ಕೈಕೊಟ್ಟಿತು. ನೆರೆಗೆ ಕಿತ್ತುಹೋದ ರಸ್ತೆ, ಪಂಕ್ಚರ್ ಮೇಲೆ ಪಂಕ್ಚರ್, ಖಾದರ ಹಿಂದೆ ಗಾಳಿಪಂಪು ಕಟ್ಟಿಕೊಂಡು ಗುತ್ತಿಗೆದಾರನ ವಂಶಕ್ಕೆಲ್ಲ ಬೈಯುತ್ತ. ಗಜೇಂದ್ರಗಡಕ್ಕೆ ಮೊದಲ ಸಲ ಬಂದಾಗ ಅವ್ವ ಓಣಿಯ ಬಾಯಲ್ಲಿ ನಿಂತಿದ್ದಳು, ತಲೆಯ ಮೇಲೆ ಸೆರಗು ಹೊದ್ದು. "ಎಷ್ಟ ಉಳೀತು?" ಎಂದು ಕೂಗಿದಳು. "ಭಾಳ," ಅಂದೆ. ನಕ್ಕಳು. ನಾನು ನಿಲ್ಲಲಿಲ್ಲ.

ಓಡಲು ಶುರು ಮಾಡಿದಾಗಲೇ ಹೊತ್ತು ಮೀರಿತ್ತು. ಮುಶಿಗೇರಿಗೆ ಒಂದು ಸಲ ಹೋಗಿ ಊರಿಗೆ ತಿರುಗಿ ಬಂದಾಗ ಅಂಗಡಿಗಳಲ್ಲಿ ದೀಪ ಹತ್ತುತ್ತಿತ್ತು. ತೊಡೆ ಕಲ್ಲಾಗಿತ್ತು. ಎರಡು ಸಲ ವಾಂತಿ. ಮನೆ ಎರಡು ಓಣಿ ಆಚೆ. ಖಾದರ ಬೈಕ್ ಅಡ್ಡ ನಿಲ್ಲಿಸಿದ.

"ಸಾಕು. ಮನಿಗೆ ಹೋಗಿ ಮುಗೀತು ಅನ್ನು. ಮುಶಿಗೇರಿಗೆ ಒಮ್ಮೆ ಹೋದ್ಯೋ ಎರಡ ಸಲ ಹೋದ್ಯೋ, ಯಾರ್ ಲೆಕ್ಕಾ ಹಿಡದಾರ?"

"ಅವ್ವ ಹಿಡದಾಳ."

ಅರ್ಧಕ್ಕೆ ಬಿಟ್ಟ ಎಂದು ಇನ್ನೊಮ್ಮೆ ಅನ್ನಿಸಿಕೊಳ್ಳುವುದಿಲ್ಲ, ತಲೆಯಲ್ಲಿ ಅದೊಂದೇ. ತಿರುಗಿ ಮುಶಿಗೇರಿ ಕಡೆ ಹೊರಟೆ. ಓಟವಲ್ಲ, ಕುಂಟು. ತಿನ್ನುವುದು, ಕುಡಿಯುವುದು, ನನ್ನ ಕಾಲು, ನನ್ನ ಹೊಟ್ಟೆ. ಬೇರೆ ಯಾರ ಹೊಟ್ಟೆಯ ನೆನಪೂ ಬರಲಿಲ್ಲ. ಅವತ್ತೊಂದು ದಿನ ಮಾತ್ರೆ ಆಯಿತಾ ಎಂದು ಫೋನ್ ಮಾಡಲಿಲ್ಲ.

ಮುಗಿಸಿದೆ. ಓಣಿಯ ಬಾಯಲ್ಲಿ ಮಂದಿ ಬ್ಯಾಟರಿ ಹಿಡಿದು ಕಾದಿದ್ದರು. ಚಪ್ಪಾಳೆ. ಯಾರೋ ಹಾರ ಹಾಕಿದರು. ಬನಶ್ರೀಯೂ ಅಲ್ಲೇ ಇದ್ದಳು, ಸಂಜೆಯಿಂದ. "ಅವ್ವ ಒಳಗ ಎರಡ ತಾಟ ಹಾಕ್ಕೊಂಡ ಕೂತಾಳ, ಲಗೂ ನಡಿ," ಅಂದಳು.

ಅವ್ವ ಗೋಡೆಗೆ ಒರಗಿದ್ದಳು. ಕಾದು ಕಾದು ನಿದ್ದೆ ಹೋಗಿದ್ದಾಳೆ ಅಂದುಕೊಂಡೆ. "ಅವ್ವಾ, ಪೂರಾ ಆತು," ಅಂದೆ. ಭುಜ ಮುಟ್ಟಿದೆ. ಸೀರೆಯೆಲ್ಲ ತೊಯ್ದು ತಣ್ಣಗಿತ್ತು. ಬಾಯಿಗೆ ಸಕ್ಕರೆ ಹಾಕಿದೆ. ನುಂಗಲಿಲ್ಲ, ಕಟಬಾಯಿಯಿಂದ ಇಳಿಯಿತು. ಖಾದರ ಯಾರದೋ ಜೀಪು ತಂದ. ರೋಣ ಮುಟ್ಟುವ ಮೊದಲೇ...

ದೀಪ ಹಚ್ಚಿ ಮಾತ್ರೆ ನುಂಗಿದ್ದಳಂತೆ, ಸರಿಯಾದ ಹೊತ್ತಿಗೆ. ಬನಶ್ರೀ ಉಣ್ಣು ಅಂದಳಂತೆ. "ಬಂದ ಬಿಡತಾನ, ಕೂಡೇ ಉಣ್ಣತೀವಿ. ನೀ ಹೋಗಿ ದಾರಿ ನೋಡು," ಎಂದು ಕಳಿಸಿದಳಂತೆ. ಮುಂದೆ ತಾಟಿನಲ್ಲಿ ಮಾದಲಿ ಇತ್ತು. ಮುಟ್ಟಿರಲಿಲ್ಲ.

೬ ಡಿಸೆಂಬರ್

ಹಸಿವಾಗುತ್ತದೆ. ಅದೇ ಅಸಹ್ಯ. ಆರು ತಿಂಗಳು ತಿನ್ನಿಸಿ ಸಾಕಿದ ಮೈ, ಯಾರು ಸತ್ತರೂ ಹೊತ್ತಿಗೆ ಸರಿಯಾಗಿ ಕೇಳುತ್ತದೆ. ತಿನ್ನುತ್ತೇನೆ.

ಓಣಿಯಲ್ಲಿ ಈಗ ನನ್ನನ್ನು ಯಾರೂ ಅರ್ಧಾ ಅನ್ನುವುದಿಲ್ಲ. "ಮಗಾ ಮುಗಿಸಿದ, ಅವ್ವ ನೋಡಿ ಕಣ್ಣ ಮುಚ್ಚಿದಳು," ಎಂದು ರೇಣವ್ವ ಎಲ್ಲರಿಗೂ ಹೇಳುತ್ತಾಳೆ. ನೋಡಲಿಲ್ಲ ಎಂದು ತಿದ್ದಲು ಹೋಗಿಲ್ಲ.

ಖಾದರ ಬಂದಿದ್ದ. ಚಹಾ ಕುಡಿದ. ಅವನು ಎದ್ದು ಹೋದ ಮೇಲೆ ಬನಶ್ರೀ ಕೇಳಿದಳು, "ಅಣ್ಣಾ, ಅವತ್ತ ಊರಾಗ ಬಂದ ತಿರುಗಿ ಹೊಂಟಾಗ ತಡಾ ಆಕ್ಕೈತಿ ಅಂತ ಒಂದ ಮಾತ ಹೇಳಿ ಕಳಸಬೇಕಿತ್ತಲ್ಲ. ಖಾದರಣ್ಣ ಇದ್ನಲ್ಲ, ಬೈಕ್ ಇತ್ತಲ್ಲ."

ಸುಸ್ತಾಗಿತ್ತು, ಹೊಳೆಯಲಿಲ್ಲ ಅಂದೆ.

ನನಗೆ ಹೊಳೆಯಲಿಲ್ಲ. ಖಾದರನಿಗೆ ಹೊಳೆದಿತ್ತು. ಬೈಕ್ ಮನೆಯ ಕಡೆ ತಿರುಗಿಸಿಯೇ ಕೇಳಿದ್ದ, "ಚಿಗವ್ವಗ ಹೇಳಿ ಬರ್ಲೇನು? ಉಂಡ ಬಿಡ ಅಂತ?" ಮುಂದೆ ಮುಶಿಗೇರಿ ರಸ್ತೆ ಪೂರಾ ಕತ್ತಲೆ, ಅವನ ಬೈಕಿನ ಬೆಳಕು ಬಿಟ್ಟರೆ ಹೆಜ್ಜೆ ಕಾಣುವಂತಿರಲಿಲ್ಲ. ನಾನು ಅವನಿಗೆ, "ಬ್ಯಾಡ, ಮೊದಲ ನನ್ನ ಮುಂದ ಬೆಳಕ ಹಿಡಿ," ಅಂದಿದ್ದೆ.