ಬೆರೆಸದ ಒಂದು ಚಿಟಿಕೆ

ಬೆಳಕುಕಟ್ಟೆ, ಕಪ್ಪತಗುಡ್ಡ
ಆಷಾಢದ ನಲವತ್ತೊಂದನೇ ದಿನ, ೨೩೧೨

ನಮಗಿಂತ ಮುಂಚಿನವರೇ, ಶರಣು.

ತಿಂಗಳಿಗೆ ನಲವತ್ತೊಂದು ದಿನವೇ ಎಂದು ಹುಬ್ಬೇರಿಸಬೇಡಿ. ಮಳೆ ಬರುವ ತನಕ ಆಷಾಢವನ್ನು ಮುಗಿಸದಿರುವುದು ಈಗಿನ ರೂಢಿ. ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಪಾಳುಬಿದ್ದ ಆಸ್ಪತ್ರೆಗಳ ಗೋಡೆಬರಹ ಓದಿ. ನನ್ನ ಹೆಸರು ಗುರುಸಂಗವ್ವ.

ನಮ್ಮಲ್ಲಿ ಹೊಸ ಔಷಧ ತಯಾರಾಗುವುದಿಲ್ಲ. ನೀವು ಗುಡ್ಡದ ಸುರಂಗದ ತಂಪಿನಲ್ಲಿ ಇಟ್ಟುಹೋದ ಗುಳಿಗೆಗಳನ್ನೇ ತಂದು, ಸತ್ವ ಉಳಿದಿದೆಯೇ ಎಂದು ನೋಡಿ ಹಂಚುತ್ತೇವೆ. ಹಾಗೆ ನೋಡುವ ಜಾಗವೇ ಬೆಳಕುಕಟ್ಟೆ. ಬೆಳಗಾಗುತ್ತಲೇ ರೊಟ್ಟಿಗಂಟು ಹಿಡಿದ ಜನ ಬಾಗಿಲಲ್ಲಿ ಕೂತಿರುತ್ತಾರೆ. ನಾನು ಗುಳಿಗೆ ಅರೆದು, ನೀರಿನಲ್ಲಿ ಕರಗಿಸಿ, ಗಾಜಿನ ಕೊಳವೆಗೆ ತುಂಬಿ, ಕಣ್ಣಿಗೆ ಕಾಣದ ನೇರಳೆಯಾಚೆಯ ಬೆಳಕು ಹಾಯಿಸುತ್ತೇನೆ. ಮದ್ದು ತನ್ನ ಪಾಲಿನ ಬೆಳಕು ಕುಡಿಯುತ್ತದೆ. ಎಷ್ಟು ಕುಡಿಯಿತೆಂದು ನೋಡಿದರೆ ಮದ್ದು ಎಷ್ಟಿದೆಯೆಂದು ತಿಳಿಯುತ್ತದೆ. ಒಂದೇ ಮದ್ದಾದರೆ ಊಟದ ಹೊತ್ತಿಗೆ ಕೆಲಸ ಮುಗಿದಂತೆ.

ನನ್ನನ್ನು ಹಣ್ಣು ಮಾಡಿದ್ದು ನಿಮ್ಮ ಜೋಡುಗುಳಿಗೆ, ಅಂದರೆ ಎರಡು ಮದ್ದು ಬೆರೆಸಿ ಒತ್ತಿದ್ದು. ತೊಟ್ಟಿಯ ನೀರು ಖಾಲಿಯಾಗಿದೆ ಎಂದ ಮಾತ್ರಕ್ಕೆ ಎಮ್ಮೆ ಎಷ್ಟು ಬಂದಿದ್ದವು, ಆಡು ಎಷ್ಟು ಬಂದಿದ್ದವು ಎಂದು ಹೇಳಲಾದೀತೇ? ಒಂದೊಂದರ ಬಾಯಾರಿಕೆ ಮೊದಲೇ ಗೊತ್ತಿರಬೇಕು. ಎರಡು ಬಗೆಯ ಬೆಳಕಿನಲ್ಲಿ ಎರಡು ಸಲ ಅಳೆದರೆ ಪಾಲು ಬಿಡಿಸಬಹುದು, ಲೆಕ್ಕವೇನೂ ಕಷ್ಟವಲ್ಲ. ಆದರೆ ಒಂದೊಂದು ಮದ್ದೂ ಒಂಟಿಯಾಗಿ ನಮ್ಮ ದೀಪದ ಮುಂದೆ ಎಷ್ಟು ಕುಡಿಯುತ್ತದೆಂದು ತಿಳಿಯಲು ಬೇರೇನೂ ಬೆರೆಸದ ಅದರ ಚೊಕ್ಕ ಪುಡಿಯ ಒಂದು ಚಿಟಿಕೆ ಬೇಕು. ನೀವು ರಾಶಿರಾಶಿ ಜೋಡುಗುಳಿಗೆ ಇಟ್ಟಿರಿ, ಹೆಚ್ಚಿನವುಗಳ ಚಿಟಿಕೆ ಇಡಲು ಮರೆತಿರಿ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಗಾದೆ ನಿಮ್ಮದೇ ಅಲ್ಲವೇ?

ನನ್ನ ತಂಗಿ ನೀಲವ್ವನಿಗೆ ಕ್ಷಯ. ಸುರಂಗದಲ್ಲಿ ಅದಕ್ಕೆ ಉಳಿದಿರುವುದು ಜೋಡುಗುಳಿಗೆ ಮಾತ್ರ. ಅದರ ಮೊದಲ ಮದ್ದಿನ ಚಿಟಿಕೆ ನಮ್ಮಲ್ಲಿದೆ; ಅದು ಮಾತ್ರ ಕುಡಿಯುವ ಬೆಳಕಿನಲ್ಲಿ ಅಳೆದೆ, ಅದರ ಸತ್ವ ಗಟ್ಟಿಯಾಗಿದೆ. ಎರಡನೆಯದರ ಚಿಟಿಕೆ ಇಲ್ಲ. ಕೆಟ್ಟ ಮದ್ದೂ ಒಂದಿಷ್ಟು ಬೆಳಕು ಕುಡಿಯುವುದರಿಂದ ಮೊತ್ತವನ್ನು ನಂಬುವಂತಿಲ್ಲ. ಎರಡನೆಯದು ಸತ್ತಿದ್ದರೆ ರೋಗ ಮೊದಲನೆಯದಕ್ಕೂ ಬಗ್ಗದಷ್ಟು ಮೊಂಡಾಗುತ್ತದೆ. ಆಮೇಲೆ ಅವಳಿಗೂ ಮದ್ದಿಲ್ಲ, ಅವಳಿಂದ ಅಂಟಿಸಿಕೊಂಡವರಿಗೂ ಇಲ್ಲ. ಕೊಡದಿದ್ದರೆ ಅವಳು ಈ ಚಳಿಗಾಲ ದಾಟುವುದಿಲ್ಲ. ನನಗೆ ಭಯವಾಗಿದೆ.

"ನಿನ್ನ ದೀಪಕ್ಕ ತಿಳೀಲಿಲ್ಲಂದ್ರ ನನ್ನ ಮೈಗರ ತಿಳೀತೈತಿ, ಕೊಡು ಅಕ್ಕಾ," ಎಂದು ಅವಳು ನಗುತ್ತಾಳೆ. ನನಗೆ ನಗಲೂ ತ್ರಾಣವಿಲ್ಲ. ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಮೊದಲ ಗುಳಿಗೆ.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ನೀವು ಬೆರೆಸುವ ಮುನ್ನ ಪ್ರತಿ ಮದ್ದಿನ ಒಂದು ಚಿಟಿಕೆ ತೆಗೆದು, ಗಾಜಿನಲ್ಲಿ ಬಿಗಿದು, ಹೆಸರು ಬರೆದು, ಸುರಂಗದ ತಂಪಿನಲ್ಲಿಡಿ. ಅಷ್ಟೇ ಬೇಡಿಕೆ. ಈ ಪತ್ರ ನಿಮಗೆ ತಲುಪಿ ನೀವು ಚಿಟಿಕೆ ಇಟ್ಟಿದ್ದರೆ, ಅದು ಈಗಾಗಲೇ ನಮ್ಮ ಕೈಗೆ ಬಂದಿರಬೇಕಿತ್ತು, ನನಗೂ ಗೊತ್ತು. ಆದರೂ ಸುರಂಗದಲ್ಲಿ ಮೊದಲ ಚಿಟಿಕೆಯ ಪಕ್ಕದ ಜಾಗದ ದೂಳು ಒರೆಸಿದ್ದೇನೆ. ನಾಳೆ ನೀಲವ್ವನ ಕೈಗೆ ನೀರಿನ ಲೋಟ ಕೊಡುವ ಮುಂಚೆ ಅಲ್ಲಿ ಇನ್ನೊಂದು ಸಲ ನೋಡುತ್ತೇನೆ.