ಬೀಡ್ ಇಲ್ಲದ ಪಾತ್ರೆ

ಮಾರ್ಚ್ 14, ಶುಕ್ರವಾರ

ಪ್ರೀತಿಯ ಸೋಪುರಾಣಿಗೆ,

ನಿನ್ನ ಪಕ್ಕದ ಬೆಂಚಿನವಳ ನೆನಪುಗಳು. ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಕೆಲಸವಿತ್ತು ಎಂದರೆ ನೀನು ನಗುತ್ತೀಯ, ಅದಕ್ಕೇ ನಿಜ ಹೇಳಿಬಿಡುತ್ತೇನೆ. ಒಂದು ಒಳ್ಳೆಯ ಸುದ್ದಿ ಕೈಗೆ ಬರುವವರೆಗೆ ನಿನಗೆ ಬರೆಯುವ ಮುಖ ನನಗಿರಲಿಲ್ಲ. ಮಂಗಳವಾರ ಬಂತು. ಮೂರು ದಿನದಿಂದ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ.

ನಮ್ಮ ಕಬ್ಬಿಣ ಕೆಲಸ ಮಾಡುತ್ತದೆ ಕಣೇ. ನಿಜವಾಗಿಯೂ.

ಔಷಧದ ಅಣುವಿನ ಎರಡು ತುಂಡುಗಳನ್ನು ಬೆಸೆಯಲು ಎಲ್ಲರೂ ಪಲ್ಲೇಡಿಯಂ ಎಂಬ ಅಪರೂಪದ ಲೋಹ ಹಾಕುತ್ತಿದ್ದಾಗ, ಎಲ್ಲೆಂದರಲ್ಲಿ ಸಿಗುವ ಕಬ್ಬಿಣದಿಂದಲೇ ವೇಗವರ್ಧಕ ಮಾಡುತ್ತೇವೆಂದು ಹೊರಟವರು ನಾವಿಬ್ಬರು. ನನ್ನ ಫ್ಲಾಸ್ಕಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಸೆದು ಬರುತ್ತಿತ್ತು, ನಿನ್ನದರಲ್ಲಿ ಐದು. ನೀನೋ ತೊಳೆದದ್ದನ್ನೇ ತೊಳೆಯುವವಳು. ಫ್ಲಾಸ್ಕಿನೊಳಗೆ ಗಿರಗಿರ ತಿರುಗಿ ದ್ರಾವಣ ಕಲಕುವ ಪುಟ್ಟ ಮ್ಯಾಗ್ನೆಟ್ ಬೀಡ್ ಕೂಡ ಹೊಸದೇ ಆಗಬೇಕಿತ್ತು ನಿನಗೆ. ನಾವೆಲ್ಲ ಡಬ್ಬದಲ್ಲಿದ್ದ ಹಳೇ ಬೀಡ್ ಹಾಕಿ, ನಿನ್ನನ್ನು ಗೇಲಿ ಮಾಡಿಕೊಂಡಿದ್ದೆವು. ಕೊನೆಗೆ ನಮ್ಮ ಲ್ಯಾಬಿನ ಗೈಡ್ ಮೇಷ್ಟ್ರು, "ನಿನ್ನ ಕೈಗೆ ಈ ಕೆಲಸ ಒಗ್ಗಲ್ಲಮ್ಮ" ಅಂದುಬಿಟ್ಟರು. ನೀನು ಏಪ್ರನ್ ಮಡಿಸಿಟ್ಟು ಹೋಗಿ ಶಾಲೆಯ ಟೀಚರ್ ಆದೆ. ನಮ್ಮ ಲೇಖನ ಅಚ್ಚಾಯಿತು.

ಹನ್ನೊಂದು ವರ್ಷವಾದ ಮೇಲೆ, ಹೋದ ವರ್ಷ, ಒಂದು ಔಷಧ ಕಾರ್ಖಾನೆಯವರು ಅದರಲ್ಲಿ ಬರೆದಿದ್ದ ಹಾಗೇ ದೊಡ್ಡ ಪಾತ್ರೆಯಲ್ಲಿ ಮಾಡಿ ನೋಡಿದರು. ಮೂರು ಸಲವೂ ಸೊನ್ನೆ. ಅಲ್ಲಿನ ಫೋರ್‌ಮನ್ ಫೋನ್ ಮಾಡಿ, "ಮೇಡಂ, ನೀವು ಬರೆದಿದ್ದೆಲ್ಲ ಹಾಕಿದ್ದೀವಿ. ಬಚ್ಚಿಟ್ಟಿರೋದು ಏನಾದ್ರೂ ಇದ್ರೆ ಹೇಳ್ಬಿಡಿ" ಅಂದರು. ಒಂದೊಂದೇ ಕೇಳುತ್ತಾ ಬಂದೆ. ಬೀಡ್ ಯಾವುದು ಅಂದಿದ್ದಕ್ಕೆ, "ಇಷ್ಟು ದೊಡ್ಡ ಪಾತ್ರೆಗೆ ಬೀಡ್ ಎಲ್ಲಿಂದ ತರೋದು ಮೇಡಂ? ಮೇಲಿಂದ ರೆಕ್ಕೆ ತಿರುಗತ್ತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಂದೇ ಹಳೇ ಬೀಡ್ ಹಾಕಿ, ಕಬ್ಬಿಣವನ್ನೇ ಹಾಕದೆ ಮಾಡಿ ನೋಡಿದೆ. ಎಂಬತ್ತೆಂಟು! ಯಾವ ಕಾಲದ ಪ್ರಯೋಗದ್ದೋ ಪಲ್ಲೇಡಿಯಂ ಬೀಡಿನ ಗೀರುಗಳಲ್ಲಿ ಕೂತು ದುಡಿಯುತ್ತಿತ್ತು, ಹೆಸರು ಕಬ್ಬಿಣಕ್ಕೆ ಬರುತ್ತಿತ್ತು.

ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ತುಂಬ ಹೊತ್ತು ಕನ್ನಡಕ ಒರೆಸಿದರು. "ಲೇಖನ ವಾಪಸ್ ತಗೊಳ್ಳೋಣ. ಆ ಹುಡುಗಿಗೆ ಅನ್ಯಾಯ ಮಾಡ್ಬಿಟ್ಟೆ" ಅಂದರು. ಹಾಗೇ ಮಾಡಿದೆವು. ತಲೆ ಎತ್ತಿ ತಿರುಗಲಾರೆ ಎಂದುಕೊಂಡಿದ್ದೆ, ಆದರೆ ಎದೆ ಹಗುರಾಯಿತು.

ಆಮೇಲೆ ಎಲ್ಲವೂ ಹೊಸದು, ಗಾಜೂ ಬೀಡೂ. ನಿನ್ನ ಹಾಗೆಯೇ ತಿಕ್ಕಿ ತಿಕ್ಕಿ ತೊಳೆದೆ. ಕಬ್ಬಿಣಕ್ಕೆ ಜೊತೆಯಾಗಿ ನಿಲ್ಲುವ ಅಣುವನ್ನು ನಲವತ್ತು ಸಲ ಬದಲಿಸಿದೆ. ನಲವತ್ತೊಂದನೆಯದಕ್ಕೆ ಎಪ್ಪತ್ತೊಂದು ಬಂತು. ನನ್ನ ಕಣ್ಣನ್ನೇ ನಂಬದೆ ಕಾರ್ಖಾನೆಗೆ ಕಳಿಸಿದೆ. ಮಂಗಳವಾರ ಫೋರ್‌ಮನ್, "ಅರವತ್ತೊಂಬತ್ತು ಮೇಡಂ, ಬೀಡ್ ಇಲ್ಲದೇನೇ!" ಅಂದರು. ಕಾರಿಡಾರಿನಲ್ಲೇ ನಿಂತು ಅತ್ತುಬಿಟ್ಟೆ. ಗುಡಿಸುತ್ತಿದ್ದ ಆಯಾ ಗಾಬರಿಯಾಗಿ, "ಯಾರು ಹೋಗ್ಬಿಟ್ರಮ್ಮಾ?" ಎಂದು ಕೇಳಿದಳು.

ಮೇಷ್ಟ್ರು ನಿನಗೆ ಬರೆದ ಕ್ಷಮೆಯ ಕಾಗದ ಇದರೊಳಗಿದೆ. ನಿನ್ನ ಮಗಳಿಗೆ ನನ್ನ ಆಶೀರ್ವಾದ, ಅವಳು ನಿನ್ನಷ್ಟೇ ಹಟಮಾರಿಯಾಗಲಿ. ಯಜಮಾನರಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ
ಪಕ್ಕದ ಬೆಂಚಿನವಳು

ತಾ.ಕ.: ಮೇಷ್ಟ್ರು ಕ್ಷಮೆ ಕೇಳಿದ್ದಾರೆ, ಆದರೆ ಅವರಿಗೆ ಆಗ ಏನೂ ಗೊತ್ತಿರಲಿಲ್ಲ. ನೀನು ಬಿಟ್ಟುಹೋಗುವ ಹಿಂದಿನ ವಾರ, ಡಬ್ಬ ಖಾಲಿಯಾಗಿತ್ತೆಂದು ನಿನ್ನದೊಂದು ಹೊಸ ಬೀಡ್ ತೆಗೆದುಕೊಂಡು ನನ್ನ ಫ್ಲಾಸ್ಕಿಗೆ ಹಾಕಿದ್ದೆ. ನನಗೂ ಐದೇ ಬಂತು. 'ಇವಳ ಕೈಯೂ ಅಷ್ಟೇ' ಅಂದಾರೆಂದು ಹೆದರಿ ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದುಹಾಕಿದೆ. ತಪ್ಪು ನಿನ್ನ ಕೈಯದಲ್ಲ ಎಂದು ಆವತ್ತು ಗೊತ್ತಿದ್ದವಳು ನಾನೊಬ್ಬಳೇ. ಗೇಟಿನವರೆಗೆ ಬಂದು ನಿನ್ನನ್ನು ಕಳಿಸಿಕೊಟ್ಟವಳೂ ನಾನೇ.